ಮಳೆ ಸುಧಾರಿಸಿದೆ, ಕಾಡಿನ ಮಣ್ಣು ಯಾಕೆ ಸುಧಾರಿಸಿಲ್ಲ?

ಕಾಡುಹಾದಿ:
ನಾನಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಇಲ್ಲಿನ ಹಬ್ಬರ್ಡ್ ಬ್ರೂಕ್ ಕಾಡಿನ ಬಗ್ಗೆ ಓದುತ್ತಿದ್ದೆ. 1990ರಲ್ಲಿ ಚಿಮಣಿ ಹೊಗೆಯ ಮೇಲಿನ ಕಾನೂನು ಬಿಗಿ ಮಾಡಿದ ಮೇಲೆ ಆಮ್ಲ ಮಳೆ ಬಹಳ ಕಡಿಮೆಯಾಗಿದೆ, ಆದ್ರೆ ಮಣ್ಣು ಮಾತ್ರ ಪೂರ್ತಿ ಚೇತರಿಸಿಕೊಂಡಿಲ್ಲ ಅಂತಾರೆ. ಯಾಕೆ ಹೀಗೆ? ಬೇರಿನ ಜೊತೆ ಬದುಕುವ ಮೈಕೊರೈಜಾ ಶಿಲೀಂಧ್ರ ಪ್ಯಾಕೆಟ್‌ನಲ್ಲಿ ಸಿಗುತ್ತಲ್ಲ, ಅದನ್ನು ಹಾಕಿದರೆ ಸರಿ ಹೋಗುತ್ತಾ?

ಮಣ್ಣುಪ್ರೀತಿ:
ಮಣ್ಣು ಕೂಡಿಟ್ಟಿದ್ದ ಪೋಷಕಾಂಶದ ಗಂಟು ಕರಗಿ ಹೋಗಿದೆ, ಅಷ್ಟೇ ವಿಷಯ. ಶುದ್ಧ ಮಳೆಯ ಪಿಎಚ್ (ಹುಳಿಯ ಅಳತೆ, ಅಂಕೆ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.6. ಅಲ್ಲಿ 1963ರಲ್ಲಿ ಅಳತೆ ಶುರು ಮಾಡಿದಾಗ 4ರ ಆಸುಪಾಸು ಇತ್ತು, ಅಂದ್ರೆ ಸುಮಾರು 40 ಪಟ್ಟು ಜಾಸ್ತಿ ಹುಳಿ. ಆ ಹುಳಿ ಮಣ್ಣಿನ ಕಣಕ್ಕೆ ಅಂಟಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಬಿಡಿಸಿ ಹೊಳೆಗೆ ಸಾಗಿಸಿಬಿಟ್ಟಿತು. ಕೆಳಗಿರುವುದು ಗಟ್ಟಿ ಬಂಡೆ, ಅದು ಕರಗಿ ಮತ್ತೆ ತುಂಬಲು ತುಂಬಾ ಕಾಲ ಬೇಕು. ಜೊತೆಗೆ ಕಲ್ಲಿನಲ್ಲಿ ಸುಮ್ನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಹೊರಗೆ ಬರುತ್ತದೆ, ಎಳೆ ಬೇರಿನ ತುದಿಗೆ ಅದು ವಿಷ. ಕ್ಯಾಲ್ಸಿಯಂ ಸಾಲದ ರೆಡ್ ಸ್ಪ್ರೂಸ್ ಮರ ಚಳಿ ತಡೆಯೋದಿಲ್ಲ, 2003ರ ಚಳಿಗಾಲದಲ್ಲಿ ಅದರ ಸೂಜಿ ಎಲೆಗಳು ಕೆಂಪಾಗಿ ಒಣಗಿದ್ದವು.

ಬೇರುಬಿಳಲು:
ಶಿಲೀಂಧ್ರದ ಮಾತಿಗೆ ಬರೋಣ. ಸ್ಪ್ರೂಸ್ ಬೇರಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಮೇಲೆ ಮೆತ್ತಗಿನ ಕವಚ ಇರುತ್ತದೆ, ಅದರಿಂದ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳು ಕಲ್ಲಿನ ಚೂರುಗಳ ಸುತ್ತ ಹೋಗಿರುತ್ತವೆ. ಈ ಎಳೆಗಳು ಆಮ್ಲ ಸುರಿಸಿ ಅಪಟೈಟ್ ಎಂಬ ಖನಿಜದಿಂದ ನೇರವಾಗಿ ಕ್ಯಾಲ್ಸಿಯಂ ತೆಗೆದು ಮರಕ್ಕೆ ಕೊಡುತ್ತವೆ ಅಂತ ಅದೇ ಕಾಡಿನ ಅಧ್ಯಯನವೊಂದು 2002ರಲ್ಲಿ ತೋರಿಸಿತು. ಅಲ್ಲಿನ ಇನ್ನೊಂದು ಮರ ಶುಗರ್ ಮೇಪಲ್‌ನ ಬೇರಲ್ಲಿರುವುದು ಬೇರೆ ಜಾತಿಯ ಶಿಲೀಂಧ್ರ, ಅದಕ್ಕೆ ಈ ಶಕ್ತಿ ಕಡಿಮೆ. ಹಾಗಾಗಿ ಕ್ಯಾಲ್ಸಿಯಂ ಕೊರತೆಯಿಂದ ಮೇಪಲ್‌ಗೂ ಪೆಟ್ಟು ಬಿತ್ತು.

1999ರ ಅಕ್ಟೋಬರ್‌ನಲ್ಲಿ 11.8 ಹೆಕ್ಟೇರಿನ ಒಂದು ಕಣಿವೆಗೆ ಹೆಲಿಕಾಪ್ಟರ್‌ನಿಂದ ಕ್ಯಾಲ್ಸಿಯಂ ಸಿಲಿಕೇಟ್ ಗುಳಿಗೆ ಸುರಿದರು. ಆಮೇಲೆ ಮೇಪಲ್ ಸಸಿಗಳ ಬೇರಲ್ಲಿ ಮೈಕೊರೈಜಾ ಹೆಚ್ಚಾಯಿತು, ಗಮನಿಸಿ: ಮೊದಲು ಮಣ್ಣು ಸರಿಯಾಯಿತು, ಆಮೇಲೆ ಶಿಲೀಂಧ್ರ ಬಂತು. ಪ್ಯಾಕೆಟ್ ಸುರಿದು ಪ್ರಯೋಜನವಿಲ್ಲ. ಕಾಡಿನ ಮಣ್ಣಿನಲ್ಲಿ ಅಲ್ಲಿನದೇ ಶಿಲೀಂಧ್ರ ಈಗಾಗಲೇ ಇದೆ, ಅದಕ್ಕೆ ಬೇಕಾದ ಪರಿಸ್ಥಿತಿ ಇಲ್ಲ ಅಷ್ಟೇ.

ಕಾಡುಹಾದಿ:
ಹಾಗಾದ್ರೆ ಎಲ್ಲ ಬೆಟ್ಟಗಳಿಗೂ ಕ್ಯಾಲ್ಸಿಯಂ ಸುರಿದುಬಿಡಬಹುದಲ್ವಾ?

ಮಣ್ಣುಪ್ರೀತಿ:
ಬೇಡ. ಅದೇ ಕಣಿವೆಯಲ್ಲಿ ಸುಮಾರು ಹತ್ತು ವರ್ಷದ ನಂತರ ಹೊಳೆಗೆ ಸಾರಜನಕ ಸೋರುವುದು ಏರಿತು, ಮೇಲ್ಪದರದ ಎಲೆಗೊಬ್ಬರದ ಕೊಳೆತ ಕೂಡ ಜೋರಾಯಿತು. ಒಂದನ್ನು ತುಂಬಿಸಿದರೆ ಇನ್ನೊಂದು ಖಾಲಿಯಾಗುತ್ತಿದೆ. ಸುಲಭದ ಕೆಲಸ ಬೇರೆಯೇ ಇದೆ. ಮರ ಕಡಿಯುವವರು ರೆಂಬೆ, ತೊಗಟೆ, ಎಲೆಯನ್ನೆಲ್ಲ ಕಾಡಲ್ಲೇ ಬಿಡಲಿ, ಮರದ ಕ್ಯಾಲ್ಸಿಯಂನ ದೊಡ್ಡ ಪಾಲು ಅವುಗಳಲ್ಲೇ ಇರುವುದು. ಚಿಮಣಿಗಳ ಮೇಲಿನ ನಿಯಮ ಸಡಿಲವಾಗದಂತೆ ನೋಡಿಕೊಳ್ಳಬೇಕು.