ಶುಂಠಿ ಸೋಡಾ: ಒಂದೇ ಪಾತ್ರೆಯಿಂದ ತುಂಬಿದ ಒಂದು ಬಾಟಲಿ ಕಲ್ಲು, ಪಕ್ಕದ್ದು ಮೆತ್ತಗೆ, ಯಾಕೆ?

ಕಳಸದ ಕಡೆಯವರು

ಚಿಕ್ಕಮಗಳೂರಿನ ಈಗಿನ ಚಳಿಯಲ್ಲಿ ಜಿಂಜರ್ ಬಗ್ (ಶುಂಠಿ, ಸಕ್ಕರೆ, ನೀರು ಸೇರಿಸಿ ಹುಳಿಸಿದ ಹೆಪ್ಪು) ಹಾಕಿ ಸೋಡಾ ಮಾಡ್ತಿದ್ದೇನೆ. ಲೀಟರಿಗೆ 40 ಗ್ರಾಂ ಶುಂಠಿ, 90 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣು. ಬಗ್‌ನಲ್ಲಿ ನೊರೆ ಚೆನ್ನಾಗಿದೆ. ಆದರೆ ಬಾಟಲಿಗೆ ತುಂಬಿದ ಮೇಲೆ ಒಂದು ಕಲ್ಲಿನ ಹಾಗೆ ಗಟ್ಟಿ, ಇನ್ನೊಂದು ಒತ್ತಿದರೆ ಒಳಗೆ ಹೋಗುತ್ತೆ. ಬಿಯರ್ ಮಾಡುವವರು ಬಾಟಲಿಗೆ ಹಾಕುವಾಗ ಲೀಟರಿಗೆ 6–7 ಗ್ರಾಂ ಸಕ್ಕರೆ ಅಳೆದು ಸೇರಿಸ್ತಾರಂತೆ. ಇಲ್ಲೂ ಸೇರಿಸಬೇಕಾ? ಗಾಜಿನ ಬಾಟಲಿ ತಗೊಂಡರೆ ಸರಿಹೋಗುತ್ತಾ?

ಹಾಸನ ಶುಂಠಿ

ಸಕ್ಕರೆ ಸೇರಿಸಬೇಡಿ, ಗಾಜಿನ ಬಾಟಲಿಯಂತೂ ಬೇಡವೇ ಬೇಡ.

ಬಿಯರಿನಲ್ಲಿ ಯೀಸ್ಟ್ ತನ್ನ ಪಾಲಿನ ಸಕ್ಕರೆಯನ್ನೆಲ್ಲ ಮೊದಲೇ ತಿಂದು ಮುಗಿಸಿರುತ್ತೆ. ಆಮೇಲೆ ಅಳೆದು ಹಾಕಿದಷ್ಟಕ್ಕೆ ಮಾತ್ರ ಗ್ಯಾಸ್ ಬಂದು ಅಲ್ಲಿಗೇ ನಿಲ್ಲುತ್ತೆ. ನಿಮ್ಮ ಸೋಡಾದಲ್ಲಿ 90 ಗ್ರಾಂ ಹಾಗೇ ಕೂತಿದೆ. ಲೆಕ್ಕ ನೋಡಿ: ಲೀಟರಿಗೆ 4 ಗ್ರಾಂ ಸಕ್ಕರೆ ಹುಳಿತರೆ ಸುಮಾರು ಒಂದು ಲೀಟರ್ ಗ್ಯಾಸ್. ಅಂಗಡಿ ಸೋಡಾದಷ್ಟು ಖಾರವಾಗಿ ನೊರೆಯಬೇಕಾದರೆ ಮೂರೂವರೆಯಿಂದ ನಾಲ್ಕು ಪಟ್ಟು ಸಾಕು, ಅಂದರೆ 14–16 ಗ್ರಾಂ. ಉಳಿದದ್ದು ಸಿಹಿಗೆ ಅಂತ ನಾವು ಇಟ್ಟಿರೋದು, ಯೀಸ್ಟ್ ಕೇಳುತ್ತಾ? ಬಿಟ್ಟರೆ ಬಾಟಲಿ ಒಡೆಯೋವರೆಗೂ ತಿನ್ನುತ್ತೆ. ಇಲ್ಲಿ ಗ್ಯಾಸ್ ಹತೋಟಿಗೆ ತರೋದು ಫ್ರಿಜ್ ಒಂದೇ.

ಅದಕ್ಕೇ ಸೋಡಾ ತುಂಬಿ ಬಂದಿದ್ದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ನೀರಿನ ತೆಳು ಬಾಟಲಿ ಆಗಲ್ಲ. ಒತ್ತಿ ನೋಡಬಹುದು ಅನ್ನೋದೇ ಪ್ಲಾಸ್ಟಿಕ್‌ನ ಲಾಭ. ಹೊಸ ಸೋಡಾ ಬಾಟಲಿಯಷ್ಟು ಗಟ್ಟಿಯಾದ ಕೂಡಲೇ ಫ್ರಿಜ್‌ಗೆ. ಒಂದು ಪೂರ್ತಿ ದಿನ ತಣ್ಣಗಾದ ಮೇಲೇ ತೆಗೀರಿ. ಬೆಚ್ಚಗಿರುವಾಗ ಗ್ಯಾಸ್ ದ್ರವದಲ್ಲಿ ಕರಗಿ ಕೂರಲ್ಲ, ಮುಚ್ಚಳ ತಿರುಗಿಸಿದ ಕೂಡಲೇ ಅರ್ಧ ಬಾಟಲಿ ಸೂರಿಗೆ ಹೋಗುತ್ತೆ.

ಒಂದು ಗಟ್ಟಿ ಒಂದು ಮೆತ್ತಗೆ ಆಗೋದಕ್ಕೆ ಸಾಮಾನ್ಯವಾಗಿ ಕಾರಣ ಕಲಕದೇ ಇರೋದು. ಬಗ್‌ನ ಯೀಸ್ಟ್ ತಳದಲ್ಲಿ ಕೂರುತ್ತೆ. ಲೀಟರಿಗೆ ಶೋಧಿಸಿದ ಬಗ್ 60 ಎಂಎಲ್ ಹಾಕಿ ಸೌಟಿನಿಂದ ತಳ ಮುಟ್ಟಿ ತಿರುಗಿಸಿ, ತುಂಬುವ ಮಧ್ಯೆ ಮತ್ತೆ ತಿರುಗಿಸಿ. ಮೆತ್ತಗಿರೋ ಬಾಟಲಿಯನ್ನು ನೀರಿನಲ್ಲಿ ತಲೆಕೆಳಗೆ ಮಾಡಿ ಹಿಂಡಿ. ಮುಚ್ಚಳದ ಹತ್ತಿರ ಗುಳ್ಳೆ ಬಂದರೆ ಮುಚ್ಚಳವೇ ಸೋರುತ್ತಿದೆ. ಮೇಲೆ ಎರಡು ಬೆರಳಷ್ಟು ಜಾಗ ಬಿಡಿ.

ಬಾಳೆಹೊನ್ನೂರು ರಸ್ತೆ

ಜಾಗವನ್ನೂ ನೋಡಿ. ರೆಡ್ ಆಕ್ಸೈಡ್ ನೆಲದ ಮೇಲಿಟ್ಟ ಬಾಟಲಿಗೂ ಒಲೆ ಪಕ್ಕದ ಕಟ್ಟೆಯ ಮೇಲಿನದಕ್ಕೂ ಈ ಚಳಿಗಾಲದಲ್ಲಿ ಬಹಳ ವ್ಯತ್ಯಾಸ. 25 ಡಿಗ್ರಿಯಲ್ಲಿ ಎರಡು ದಿನದ ಕೆಲಸ, 16ರ ಆಸುಪಾಸಿನಲ್ಲಿ ಐದಾರು ದಿನ ಹಿಡಿಯಬಹುದು. ಎಲ್ಲವನ್ನೂ ಒಂದೇ ರಟ್ಟಿನ ಡಬ್ಬದಲ್ಲಿಟ್ಟು ಗೋಣಿಚೀಲ ಹೊದಿಸಿ. ದಿನ ಎಣಿಸಬೇಡಿ, ಬಾಟಲಿ ಒತ್ತಿ ನೋಡಿ.

ಶರಬತ್ತು ಕೆಡದಿರಲಿ ಅಂತ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಅಥವಾ ಬೆಂಜೋಯೇಟ್ ಮುಟ್ಟಲೇಬೇಡಿ, ಯೀಸ್ಟ್ ಸಾಯುತ್ತೆ. ನಲ್ಲಿ ನೀರಿಗೆ ಕ್ಲೋರಿನ್ ಬಿಟ್ಟಿದ್ದರೆ ಕುದಿಸಿ ಆರಿಸಿ. ಶುಂಠಿ ಕಷಾಯವೂ ಕೈಗೆ ತಣ್ಣಗೆ ಅನ್ನಿಸಿದ ಮೇಲೇ ಬಗ್ ಹಾಕೋದು. ಬಾಟಲಿ ತೊಳೆಯಲು ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗಿ ಮುಚ್ಚಳ ಕೂರಲ್ಲ.

ಕಳಸದ ಕಡೆಯವರು

ತುಂಬಾ ಉಪಕಾರ ಆಯ್ತು. ಇನ್ನೆರಡು ಪ್ರಶ್ನೆ. ಸಕ್ಕರೆ ಬದಲು ಬೆಲ್ಲ ಹಾಕಬಹುದಾ? ಮಕ್ಕಳಿಗೆ ಕೊಡಬಹುದಾ?

ಹಾಸನ ಶುಂಠಿ

ಬೆಲ್ಲ ಆಗುತ್ತೆ, ಕಪ್ಪು ಬೆಲ್ಲ ತಗೊಳ್ಳಿ. ಹಳದಿಯಾಗಿ ಹೊಳೆಯೋದಕ್ಕೆ ಹೈಡ್ರೋಸ್ (ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕಿರ್ತಾರೆ, ಅದು ಯೀಸ್ಟ್‌ಗೆ ಆಗಿಬರಲ್ಲ. ಕರಗಿಸಿ ಬಟ್ಟೆಯಲ್ಲಿ ಶೋಧಿಸಿ, ಕಸ ಉಳಿದರೆ ತೆಗೆಯುವಾಗ ನೊರೆ ಉಕ್ಕುತ್ತೆ.

ಮಕ್ಕಳ ವಿಷಯ ನೇರವಾಗಿ ಹೇಳ್ತೀನಿ: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿತರೆ ಶೇಕಡಾ 1 ಆಲ್ಕೋಹಾಲ್. ಅಂದರೆ ಚೆನ್ನಾಗಿ ಗ್ಯಾಸ್ ಬಂದ ಬಾಟಲಿಯಲ್ಲಿ ಅದರ ಹತ್ತಿರಹತ್ತಿರ ಇರಬಹುದು. ಮಕ್ಕಳಿಗೆ ಬೇಡ, ಅವರಿಗೆ ಅದೇ ಶುಂಠಿ ಪಾನಕಕ್ಕೆ ಅಂಗಡಿ ಸೋಡಾ ಬೆರೆಸಿ. ಫ್ರಿಜ್‌ನಲ್ಲೂ ಹುಳಿಯೋದು ನಿಧಾನವಾಗುತ್ತೆ ಅಷ್ಟೇ, ಪೂರ್ತಿ ನಿಲ್ಲಲ್ಲ. ಒಂದೆರಡು ವಾರದಲ್ಲಿ ಕುಡಿದು ಮುಗಿಸಿ.

ಬಾಳೆಹೊನ್ನೂರು ರಸ್ತೆ

ಯಾರಾದರೂ ಕೇಳೋ ಮೊದಲೇ: ಗೋಲಿ ಸೋಡಾ ಬಾಟಲಿ ಇದಕ್ಕೆ ಆಗಲ್ಲ. ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯೋದು ಒಳಗಿನ ಗ್ಯಾಸೇ. ನಮ್ಮದರಲ್ಲಿ ಮೊದಲ ದಿನ ಗ್ಯಾಸೇ ಇರಲ್ಲ, ಗೋಲಿ ಕೆಳಗೇ ಬಿದ್ದಿರುತ್ತೆ.