ಬಿಲ್ಡ್ ಜೊತೆಗೇ ಯೂನಿಟ್ ಟೆಸ್ಟ್ ಓಡಿಸುವವರು ಸ್ವಲ್ಪ ಹೇಳಿ

ಪ್ರಶ್ನೆ: ನಮ್ಮದು 7 ಜನರ ಟೀಮ್. ಜಾವಾ ಕೋಡ್, ಅದನ್ನು ಬಿಲ್ಡ್ ಮಾಡಲು (ಓಡುವ ಪ್ರೋಗ್ರಾಂ ಕಟ್ಟಲು) ಮಾವೆನ್ ಟೂಲ್. ಯೂನಿಟ್ ಟೆಸ್ಟ್ (ಕೋಡ್‌ನ ಸಣ್ಣ ಸಣ್ಣ ಭಾಗ ಪರೀಕ್ಷಿಸುವ ಕೋಡ್) ಬರೆದಿದ್ದೇವೆ, ಆದರೆ ನೆನಪಾದವರು ಮಾತ್ರ ಓಡಿಸುತ್ತಾರೆ. ಪ್ರತಿ ಬಿಲ್ಡ್‌ಗೂ ಓಡಲಿ ಅಂದರೆ "ನಿಧಾನ ಆಗುತ್ತೆ" ಅಂತ ರಾಗ. ನಿಮ್ಮಲ್ಲಿ ಹೇಗೆ?

ಉತ್ತರ: ಮಾವೆನ್‌ನಲ್ಲಿ ಪ್ಯಾಕೇಜ್ ಹಂತಕ್ಕೆ ಮೊದಲೇ ಟೆಸ್ಟ್ ಹಂತ ಇದೆ. ಒಂದು ಟೆಸ್ಟ್ ಫೇಲಾದರೂ ಜಾರ್ (ಬಿಲ್ಡ್ ಕೊನೆಗೆ ಸಿಗುವ ಫೈಲ್) ಬರುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಓಡುತ್ತಿಲ್ಲ ಅಂದರೆ ಯಾರೋ ಟೆಸ್ಟ್ ಬಿಟ್ಟುಬಿಡು ಅಂತ ಸ್ಕಿಪ್ ಹಾಕಿಟ್ಟಿದ್ದಾರೆ. ಮಾವೆನ್ ಸೆಟ್ಟಿಂಗ್ ಇರುವ ಪಾಮ್ ಫೈಲ್ ನೋಡಿ. ನಮ್ಮಲ್ಲಿ ರಿಲೀಸ್ ಹಿಂದಿನ ರಾತ್ರಿ "ಇವತ್ತೊಂದಿನ" ಅಂತ ಹಾಕಿದ್ದು 8 ತಿಂಗಳು ಅಲ್ಲೇ ಕೂತಿತ್ತು.

ಉತ್ತರ: ಹಸಿರು (ಎಲ್ಲ ಪಾಸ್) ಕಂಡ ತಕ್ಷಣ ನಂಬಬೇಡಿ, ಎಷ್ಟು ಟೆಸ್ಟ್ ಓಡಿದವು ಅಂತ ಎಣಿಕೆ ನೋಡಿ. ಮಾವೆನ್‌ನಲ್ಲಿ ಟೆಸ್ಟ್ ಓಡಿಸುವ ಶ್ಯೂರ್‌ಫೈರ್ ಪ್ಲಗಿನ್ ಕ್ಲಾಸ್ ಹೆಸರು ನೋಡಿ ಆರಿಸುತ್ತದೆ. ಹೆಸರು 'ಟೆಸ್ಟ್' ಅಂತ ಶುರುವಾಗಬೇಕು, ಇಲ್ಲವೇ 'ಟೆಸ್ಟ್', 'ಟೆಸ್ಟ್ಸ್', 'ಟೆಸ್ಟ್‌ಕೇಸ್' ಅಂತ ಮುಗಿಯಬೇಕು. ನಮ್ಮವರೊಬ್ಬರು 'ಬಿಲ್ಲಿಂಗ್‌ಚೆಕ್' ಅಂತ ಹೆಸರಿಟ್ಟಿದ್ದರು. ಎಡಿಟರ್‌ನಲ್ಲಿ ಓಡಿಸಿದರೆ ಎಲ್ಲ ಪಾಸ್. ಬಿಲ್ಡ್‌ನಲ್ಲಿ ಅವು ಒಂದು ದಿನವೂ ಓಡಿರಲಿಲ್ಲ! ಇನ್ನೊಂದು, ಟೆಸ್ಟ್ ಬರೆಯುವ ಲೈಬ್ರರಿ ಜೆಯೂನಿಟ್ 5 ಇದ್ದರೆ ಶ್ಯೂರ್‌ಫೈರ್ 2.22.0 ಅಥವಾ ಮುಂದಿನದೇ ಇರಲಿ.

ಉತ್ತರ: ನಮ್ಮ ಕಥೆ ಕೇಳಿ. ರಾತ್ರಿ 2 ಗಂಟೆಯ ಬಿಲ್ಡ್‌ನಲ್ಲಿ ಒಂದೇ ಒಂದು ಟೆಸ್ಟ್ ಕೆಂಪು. ಬೆಳಿಗ್ಗೆ ಬಂದು ಮತ್ತೆ ಓಡಿಸಿದರೆ ಹಸಿರು. ದೆವ್ವದ ಟೆಸ್ಟ್ ಅಂತ ಹೆಸರಿಟ್ಟು, ಮೂರು ವಾರ ಸುಮ್ನೆ ಬಟನ್ ಒತ್ತುತ್ತಿದ್ದೆವು. ಟೆಸ್ಟ್ ಕೇಳುತ್ತಿದ್ದದ್ದು ಇಷ್ಟೇ: ಇವತ್ತಿನ ಬುಕಿಂಗ್‌ಗೆ ಭಾರತದ ಇವತ್ತಿನ ತಾರೀಖು ಬಂತಾ? ಕೋಡ್ ಮಾತ್ರ ಸರ್ವರ್ ಗಡಿಯಾರ ನೋಡುತ್ತಿತ್ತು, ಸರ್ವರ್ ಇದ್ದದ್ದು ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ). ನಮ್ಮ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಅಲ್ಲಿ ಇನ್ನೂ ನಿನ್ನೆ. ಲ್ಯಾಪ್‌ಟಾಪ್ ಗಡಿಯಾರ ಭಾರತದ್ದೇ, ಎರಡು ತಾರೀಖೂ ಒಂದೇ, ಅದಕ್ಕೇ ಯಾರಿಗೂ ಸಿಕ್ಕಿರಲಿಲ್ಲ. ಪಾಪ, ಟೆಸ್ಟ್ ಸರಿಯಾಗೇ ಇತ್ತು. ರಾತ್ರಿ ಬುಕ್ ಮಾಡಿದ ಗ್ರಾಹಕರಿಗೆ ನಿಜವಾಗಿಯೂ ನಿನ್ನೆಯ ತಾರೀಖಿನ ರಸೀದಿ ಹೋಗುತ್ತಿತ್ತು. ಆಮೇಲೆ ಭಾರತದ ಟೈಮ್ ಝೋನ್ ಹೇಳಿದ ಕ್ಲಾಕ್ ಅನ್ನೇ ಕೋಡ್‌ಗೆ ಕೊಟ್ಟೆವು. ಟೆಸ್ಟ್‌ನಲ್ಲಿ ರಾತ್ರಿ 2 ಗಂಟೆಗೆ ನಿಲ್ಲಿಸಿಟ್ಟ ಕ್ಲಾಕ್.

ಉತ್ತರ: ನಿಧಾನ ಅನ್ನುವವರ ಮಾತೂ ಸುಳ್ಳಲ್ಲ. ನಮ್ಮ 'ಯೂನಿಟ್' ಟೆಸ್ಟ್‌ಗಳಲ್ಲಿ ಅರ್ಧ ಡೇಟಾಬೇಸ್ ಮುಟ್ಟುತ್ತಿದ್ದವು, 14 ನಿಮಿಷ ಹಿಡಿಯುತ್ತಿತ್ತು. ಡೇಟಾಬೇಸ್ ಮುಟ್ಟುವವನ್ನು ಫೇಲ್‌ಸೇಫ್ ಪ್ಲಗಿನ್‌ಗೆ, ಪ್ಯಾಕೇಜ್ ಆದ ಮೇಲಿನ ಇಂಟಿಗ್ರೇಶನ್-ಟೆಸ್ಟ್ ಹಂತಕ್ಕೆ ತಳ್ಳಿದೆವು. ಉಳಿದವು ಟೀ ತರುವಷ್ಟರಲ್ಲಿ ಮುಗಿಯುತ್ತವೆ.

ಪ್ರಶ್ನೆ ಕೇಳಿದವರು: ಪಾಮ್ ನೋಡಿದೆ. ಸ್ಕಿಪ್ ಇತ್ತು. ತೆಗೆದೆ, 61 ಕೆಂಪು! ಇವೆಲ್ಲ ಸರಿಯಾಗುವವರೆಗೆ ಬೇರೆ ಕೆಲಸ ನಿಲ್ಲಿಸಬೇಕಾ?

ಉತ್ತರ: ಬೇಡ ಮಾರಾಯ್ರೆ. ಆ 61ಕ್ಕೆ ಡಿಸೇಬಲ್ಡ್ (ಸದ್ಯ ಓಡಿಸಬೇಡ) ಗುರುತು ಹಾಕಿ, ಪಕ್ಕದಲ್ಲಿ ಯಾರು ನೋಡಬೇಕು ಅಂತ ಹೆಸರು ಬರೆಯಿರಿ. ಮಿಕ್ಕಿದ್ದು ಇವತ್ತಿಂದಲೇ ಓಡಲಿ. ವಾರಕ್ಕೆ ಐದೈದು ಸರಿಮಾಡಿ ಗುರುತು ತೆಗೆಯಿರಿ. ಮೊದಲು ದುಡ್ಡಿನ ಲೆಕ್ಕದವು.