ಮಾರುತಿ 800: ಘಾಟಿಯಲ್ಲಿ ಬಿಸಿಯಾದ ಮೇಲೆ ಮಿಸ್ಸಿಂಗ್, ಆಮೇಲೆ ಆಫ್. ಪ್ಲಗ್ಗಾ, ಕಾಯಿಲ್ಲಾ?

ತೀರ್ಥಹಳ್ಳಿ_800

ಎಲ್ಲರಿಗೂ ನಮಸ್ಕಾರ. ನನ್ನದು 1996ರ ಮಾರುತಿ 800, ಕಾರ್ಬುರೇಟರ್ ಗಾಡಿ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಏನೂ ತೊಂದರೆ ಇಲ್ಲ. ಹೆಬ್ರಿಯಿಂದ ವಾಪಸ್ ಬರುವಾಗ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿದ ಮೇಲೆ ಜರ್ಕ್ ಹೊಡೆಯುತ್ತದೆ. ಎರಡನೇ ಗೇರಲ್ಲೂ ಪಿಕಪ್ ಇಲ್ಲ. ಆಮೇಲೆ ಟಪ್ ಅಂತ ಆಫ್. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್! ಗ್ಯಾರೇಜಲ್ಲಿ ಮೂರೂ ಪ್ಲಗ್ ಹೊಸದು ಹಾಕಿದರು, ಗುಣ ಕಾಣಲಿಲ್ಲ. ಈಗ ಕಾರ್ಬುರೇಟರ್ ಬದಲಾಯಿಸಿ ಅಂತಿದ್ದಾರೆ. ಹಾಕಿಸಲಾ?

ಹಳೇಗಾಡಿ_ಹುಚ್ಚ

ಸದ್ಯಕ್ಕೆ ಬೇಡ ಸರ್. ಮೊದಲು ಮೂರು ವಿಷಯ ಹೇಳಿ. ಬಿಚ್ಚಿದ ಹಳೇ ಪ್ಲಗ್ ಇವೆಯಾ, ಅವುಗಳ ಬಣ್ಣ ಏನು? ಹೊಸ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಎಷ್ಟಿದೆ? ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಭಾಗ) ಒಳಗೆ ಕರೆಂಟ್ ಕಡಿಯೋಕೆ ಪಾಯಿಂಟ್ ಇದೆಯಾ, ಎಲೆಕ್ಟ್ರಾನಿಕ್ಕಾ?

ತೀರ್ಥಹಳ್ಳಿ_800

ಹಳೇವು ಡಿಕ್ಕಿಯಲ್ಲೇ ಇವೆ. ಮೂರೂ ಒಂದೇ ಥರ ಕಪ್ಪು. ಒಣ ಮಸಿ, ಉಜ್ಜಿದರೆ ಕೈಗೆ ಬರುತ್ತದೆ, ಎಣ್ಣೆ ಜಿಡ್ಡಿಲ್ಲ. ಪಾಯಿಂಟ್ ಇಲ್ಲ, ಎಲೆಕ್ಟ್ರಾನಿಕ್. ಗ್ಯಾಪ್ ಯಾರೂ ನೋಡಿಲ್ಲ, ಡಬ್ಬಿಯಿಂದ ತೆಗೆದು ಹಾಗೇ ಹಾಕಿದ್ದಾರೆ.

ಹಳೇಗಾಡಿ_ಹುಚ್ಚ

ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನ ಪ್ಲಗ್ಗೋ ವೈರೋ ಅಂತ ಹುಡುಕಬಹುದಿತ್ತು. ಮೂರೂ ಒಂದೇ ಥರ ಇವೆ ಅಂದರೆ ಮೂರಕ್ಕೂ ಸೇರಿದ್ದೇ ಯಾವುದೋ ಕೆಟ್ಟಿದೆ. ಈ ಗಾಡಿಯಲ್ಲಿ ಮೂರಕ್ಕೂ ಕಾಯಿಲ್ (ಬ್ಯಾಟರಿಯ 12 ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವುದು) ಒಂದೇ, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಒಂದೇ, ಕಾರ್ಬುರೇಟರ್ ಒಂದೇ. ಒಣ ಮಸಿ ಎರಡು ಕಾರಣಕ್ಕೆ ಬರುತ್ತದೆ: ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲಾ ಕಿಡಿಗೆ ದಮ್ಮಿಲ್ಲ. ಚೋಕ್ ಪೂರ್ತಿ ವಾಪಸ್ ಹೋಗುತ್ತದಾ, ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ, ಅದನ್ನೂ ಒಮ್ಮೆ ನೋಡಿಬಿಡಿ. ಆದರೆ ಬಿಸಿಯಾದಾಗ ನಿಂತು ಆರಿದಾಗ ಹೊರಡುತ್ತದೆ ಅಂದರೆ ನನ್ನ ಅನುಮಾನ ಕಾಯಿಲ್ ಮೇಲೆ.

ಊರೊಳಗೆ ಯಾಕೆ ಗೊತ್ತಾಗಲ್ಲ ಅಂದರೆ, ಏರಲ್ಲಿ ಆಕ್ಸಿಲರೇಟರ್ ಜಾಸ್ತಿ ತುಳಿದಿರುತ್ತೀರಿ. ಸಿಲಿಂಡರಿಗೆ ಗಾಳಿ-ಪೆಟ್ರೋಲ್ ತುಂಬಾ ಹೋಗಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ ತುದಿಯಲ್ಲಿ ಕಿಡಿ ಹಾರೋಕೆ ವೋಲ್ಟೇಜ್ ಜಾಸ್ತಿ ಬೇಕು. ಗ್ಯಾಪ್ ಅಗಲ ಇದ್ದರೆ ಇನ್ನೂ ಜಾಸ್ತಿ. ಸೊರಗಿದ ಕಾಯಿಲ್ ಸಮತಟ್ಟಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುತ್ತದೆ, ಘಾಟಿಯಲ್ಲಿ ಕೈಕೊಡುತ್ತದೆ.

ಹಾಗಾಗಿ ಮೊದಲು ಗ್ಯಾಪ್. ಕಾರ್ಬುರೇಟರ್ 800ಕ್ಕೆ 0.7ರಿಂದ 0.8 ಮಿ.ಮೀ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಪ್ಲಗ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿ ಲೆಕ್ಕದಲ್ಲಿ ಅಗಲವಾಗೇ ಬರುತ್ತವೆ. ಫೀಲರ್ ಗೇಜ್ ಹಾಕಿ ನೋಡಿ. ಬಗ್ಗಿಸುವಾಗ ಹೊರಗಿನ ಕೊಂಡಿಯನ್ನು ಮಾತ್ರ ಬಗ್ಗಿಸಿ, ನಡುವಿನ ಕಡ್ಡಿ, ಬಿಳಿ ಪಿಂಗಾಣಿ ಮುಟ್ಟಬೇಡಿ.

ಬಿಚ್ಚುವಾಗ ಎಂಜಿನ್ ತಣ್ಣಗಿರಲಿ. ಪ್ಲಗ್ ಸುತ್ತಲಿನ ಮಣ್ಣು ಊದಿ ತೆಗೆಯಿರಿ, ಇಲ್ಲಾಂದ್ರೆ ಅದು ಸೀದಾ ಸಿಲಿಂಡರಿಗೆ. ವೈರ್ ಹಿಡಿದು ಜಗ್ಗಬೇಡಿ, ರಬ್ಬರ್ ಬೂಟ್ ಹಿಡಿದು ತಿರುಗಿಸಿ ಎಳೆಯಿರಿ. ಒಂದೊಂದಕ್ಕೂ ನಂಬರ್ ಬರೆದಿಡಿ, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-2. ವಾಪಸ್ ಹಾಕುವಾಗ ಮೊದಲು ಪಾನಾ ಬೇಡ, ಕೈಯಲ್ಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂದು. ಓರೆಯಾಗಿ ಕಚ್ಚಿದರೆ ತ್ರೆಡ್ ಹೋಯಿತು, ಪ್ಲಗ್ ಖರ್ಚಿನ ಎಷ್ಟೋ ಪಟ್ಟು ಲೇತಿನವರಿಗೆ ಕೊಡಬೇಕು. ವಾಷರ್ ಕೂತ ಮೇಲೆ ಹೊಸ ಪ್ಲಗ್ಗಾದರೆ ಅರ್ಧ ಸುತ್ತು, ಸ್ವಲ್ಪ ಮೇಲೆ ಸಾಕು. ಒಮ್ಮೆ ಬಿಗಿ ಮಾಡಿದ ಪ್ಲಗ್ಗಿಗೆ ಹನ್ನೆರಡನೇ ಒಂದು ಸುತ್ತು ಮಾತ್ರ, ಅದರ ವಾಷರ್ ಆಗಲೇ ಚಪ್ಪಟೆ ಆಗಿರುತ್ತದೆ.

ಶಿರಸಿ_ಆರ್‌ಎಕ್ಸ್

ಮಧ್ಯೆ ಬಾಯಿ ಹಾಕ್ತಿದ್ದೀನಿ ಅಣ್ಣ, ನನ್ನ ಆರ್‌ಎಕ್ಸ್ 100 ಪ್ಲಗ್ಗೂ ಕಪ್ಪೇ ಬರುತ್ತದೆ. ಅದಕ್ಕೂ ಕಾಯಿಲ್ಲೇನಾ?

ಹಳೇಗಾಡಿ_ಹುಚ್ಚ

ನಿಮ್ಮದು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುತ್ತದೆ, ಮೇಲಾಗಿ ಸಿಡಿಐ, ಕಿಡಿ ಕೊಡುವ ರೀತಿಯೇ ಬೇರೆ. ಆ ಲೆಕ್ಕವೇ ಬೇರೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.

ತೀರ್ಥಹಳ್ಳಿ_800

ಗ್ಯಾಪ್ ನೋಡಿದೆ. ಮೂರರಲ್ಲೂ 1.1! ಎಲ್ಲ 0.8ಕ್ಕೆ ತಂದೆ. ಜರ್ಕ್ ಎಷ್ಟೋ ಕಮ್ಮಿ ಆಯಿತು. ಆದರೆ ಘಾಟಿಯಲ್ಲಿ ನಿಲ್ಲುವುದು ನಿಂತಿಲ್ಲ. ಮನೆಯಲ್ಲಿ ಮಲ್ಟಿಮೀಟರಲ್ಲಿ ಕಾಯಿಲ್ ನೋಡಿದೆ. ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) ಒಂದೂವರೆ ಓಮ್, ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) ಹನ್ನೊಂದು ಸಾವಿರ ಚಿಲ್ಲರೆ. ಸರಿಯಾಗೇ ಇದೆ ಅಲ್ವಾ?

ಹಳೇಗಾಡಿ_ಹುಚ್ಚ

ತಣ್ಣಗಿದ್ದಾಗ ಸರಿ ಇದೆ, ಅಷ್ಟೇ. ಒಳಗಿನ ತಂತಿ ಕೂದಲಿನಷ್ಟು ಸಣ್ಣ. ಎಲ್ಲೋ ಒಂದು ಕಡೆ ಬಿಟ್ಟಿದ್ದರೆ ಆರಿದಾಗ ಮುಟ್ಟಿಕೊಂಡಿರುತ್ತದೆ, ಬಿಸಿಗೆ ಹಿಗ್ಗಿದಾಗ ದೂರ ಆಗುತ್ತದೆ. ಕೆಟ್ಟು ನಿಂತಾಗಲೇ ನೋಡಬೇಕು. ಒಂದು ಹಳೇ ಪ್ಲಗ್, ಕ್ಲಿಪ್ ಇರುವ ವೈರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಗಾಡಿಯಲ್ಲಿ ಇಟ್ಟುಕೊಳ್ಳಿ. ಸೆಲ್ಫ್ ಹೊಡೆಯೋಕೆ ಜೊತೆಗೊಬ್ಬರು ಬೇಕು.

ನಿಂತ ತಕ್ಷಣ ಗಾಡಿ ಸೈಡಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಕಾಯಿಲ್‌ನಿಂದ ಬರುವ ನಡುವಿನ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ತೆಗೆದು ಹಳೇ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ ಮೈಯನ್ನು ಕ್ಲಿಪ್ ವೈರಿನಲ್ಲಿ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ಅರ್ಥ್ ಮಾಡಿ. ಕಾರ್ಬುರೇಟರ್, ಪೆಟ್ರೋಲ್ ಪೈಪಿನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ, ಇದು ಸಾವಿರಾರು ವೋಲ್ಟ್ ಸಾರ್. ಅರ್ಥ್ ಇಲ್ಲದೆ ಸೆಲ್ಫ್ ಹೊಡೆಯಲೂ ಬೇಡಿ, ಕಾಯಿಲ್ಲೋ, ಅದರ ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಮಾಡ್ಯೂಲೋ ಸುಟ್ಟೀತು.

ಚಟ್ ಚಟ್ ಅಂತ ದಪ್ಪ ನೀಲಿ ಕಿಡಿ ಬಂದರೆ ಕಾಯಿಲ್ ಚೆನ್ನಾಗಿದೆ. ಕ್ಯಾಪ್, ರೋಟರ್, ಆಮೇಲೆ ಪೆಟ್ರೋಲ್ ಕಡೆ ಹೋಗಿ. ಸಣ್ಣ ಕೆಂಪು ಕಿಡಿ ಬಂದರೆ ಅಥವಾ ಬರದೇ ಹೋದರೆ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಕಾಯಿಲ್ ಮೈನಸ್ಸಿಗೆ. ಸೆಲ್ಫ್ ಹೊಡೆಯುವಾಗ ಮಿಣುಕಿದರೆ ಮಾಡ್ಯೂಲ್ ತನ್ನ ಕೆಲಸ ಮಾಡುತ್ತಿದೆ. ಮಿಣುಕದಿದ್ದರೆ ಕಾಯಿಲ್ ಮೇಲೆ ದುಡ್ಡು ಹಾಕಬೇಡಿ, ಮಾಡ್ಯೂಲ್ ಕೂಡ ಬಿಸಿಗೆ ಹೀಗೇ ಆಟ ಆಡುತ್ತದೆ. ಕೊನೆಗೆ ಇಗ್ನಿಷನ್ ಆಫ್ ಮಾಡಿ, ಕಾಯಿಲ್ ವೈರ್ ಬಿಚ್ಚಿ, ಬಿಸಿ ಇರುವಾಗಲೇ ಓಮ್ ನೋಡಿ.

ಕುಡ್ಲದ_ಪದ್ಮಿನಿ

ಇನ್ನೊಂದು ಗುರುತು. ಕರೆಂಟ್ ಹೋದರೆ ಗಾಡಿ ಸ್ವಿಚ್ ತೆಗೆದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ಪೆಟ್ರೋಲ್ ಸಿಗದಿದ್ದರೆ ಮುಕ್ಕುತ್ತಾ ಮುಕ್ಕುತ್ತಾ ನಿಧಾನಕ್ಕೆ ಸಾಯುತ್ತದೆ. ನಿಮ್ಮದು ಟಪ್ ಅಂತ ಅಂದಿರಿ.

ತೀರ್ಥಹಳ್ಳಿ_800

ನಿನ್ನೆ ತಮ್ಮನನ್ನು ಕರೆದುಕೊಂಡು ಬೇಕಂತಲೇ ಘಾಟಿಗೆ ಹೋದೆ. ಮೇಲೆ ಬರುವಾಗ ನಿಂತಿತು. ಕಿಡಿ ಇಲ್ಲವೇ ಇಲ್ಲ. ಟೆಸ್ಟ್ ಲ್ಯಾಂಪ್ ಮಿಣುಕುತ್ತಿತ್ತು. ಸೆಕೆಂಡರಿಗೆ ಮೀಟರ್ ಹಚ್ಚಿದರೆ ರೀಡಿಂಗೇ ಇಲ್ಲ, ಓಪನ್, ಅಂದರೆ ಒಳಗೆ ತಂತಿ ಬಿಟ್ಟಿದೆ! ಅಲ್ಲೇ ಕಾದೆವು. ಆರುತ್ತಾ ಬಂದ ಹಾಗೆ ಮತ್ತೆ ಹನ್ನೊಂದು ಸಾವಿರ ತೋರಿಸಿತು, ಸ್ಟಾರ್ಟೂ ಆಯಿತು. ಈಗ ಕಾಯಿಲ್ ತರುವಾಗ ಯಾವುದಾದರೂ ನಡೆಯುತ್ತದಾ?

ಹಳೇಗಾಡಿ_ಹುಚ್ಚ

ಯಾವುದೋ ಒಂದು ಬೇಡ. ಪ್ರೈಮರಿ ಓಮ್ ನಿಮ್ಮದಕ್ಕೆ ಹೊಂದಬೇಕು. ತೀರಾ ಕಮ್ಮಿ ಇರುವುದನ್ನು ಹಾಕಿದರೆ ಕರೆಂಟ್ ಜಾಸ್ತಿ ಎಳೆದು ಮಾಡ್ಯೂಲ್ ಸುಡುತ್ತದೆ. ಹಳೇದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಲ್ಲೇ ಮೀಟರ್ ಹಚ್ಚಿ ನೋಡಿ ತನ್ನಿ. ಪ್ಲಸ್ಸು ಮೈನಸ್ಸು ಅದಲು ಬದಲು ಆಗಬಾರದು. ಹಾಕಿದ ಮೇಲೆ ಕತ್ತಲಲ್ಲಿ ಎಂಜಿನ್ ಓಡಿಸಿ, ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ ದೂರದಿಂದ ನೋಡಿ. ಎಲ್ಲಾದರೂ ನೀಲಿ ಮಿಂಚು ಹಾರಿದರೆ ವೈರ್ ಸೆಟ್ಟೂ ಬದಲಾಯಿಸಿ. ನಿಮ್ಮೂರ ಮಳೆಗೆ ಅದು ಹೇಗೂ ಬೇಕಾಗುತ್ತದೆ.

ತೀರ್ಥಹಳ್ಳಿ_800

ಕಾಯಿಲ್ ಹಾಕಿದೆ. ಮನೆಯವರನ್ನೆಲ್ಲ ತುಂಬಿಕೊಂಡು ಘಾಟಿ ಹತ್ತಿದೆ, ಒಂದು ಜರ್ಕೂ ಇಲ್ಲ. ಎರಡನೇ ಸಿಲಿಂಡರಿನ ವೈರ್ ಬೂಟ್ ಹತ್ತಿರ ಮಿಂಚು ಕಾಣಿಸಿತು, ಸೆಟ್ಟಿಗೆ ಆರ್ಡರ್ ಕೊಟ್ಟಿದ್ದೇನೆ. ಹಳೇ ಕಾಯಿಲ್ ಸ್ಪೇರ್ ಅಂತ ಡಿಕ್ಕಿಯಲ್ಲಿ ಇಡಲಾ?

ಹಳೇಗಾಡಿ_ಹುಚ್ಚ

ಬೇಡ, ಗುಜರಿಗೆ ಹಾಕಿ. ಇಟ್ಟರೆ ಯಾರೋ ಒಬ್ಬರು ಮೀಟರ್ ಹಚ್ಚಿ, ಚೆನ್ನಾಗಿದೆ ಅಂತ ಮತ್ತೆ ಹಾಕುತ್ತಾರೆ.